ಕೆಲಸ ಕೊಡಿಸುವವರು: ದಕ್ಷಿಣ ಬೆಂಗಳೂರಿನಿಂದ ಕೆಲವು ಟಿಪ್ಪಣಿಗಳು

ಮೊದಲ ಮಹಡಿಯ ಬೋರ್ಡು

ಜಯನಗರ ನಾಲ್ಕನೇ ಬ್ಲಾಕಿನ ಸುತ್ತಮುತ್ತ ಕತ್ತೆತ್ತಿ ನಡೆದರೆ ಊರಿನ ಇನ್ನೊಂದು ಪದರ ಕಾಣುತ್ತದೆ. ಕೆಳಗೆ ಬಟ್ಟೆ ಅಂಗಡಿ, ಔಷಧದ ಅಂಗಡಿ, ದರ್ಶಿನಿ. ಮೇಲೆ ಆಡಿಟರು, ದಂತವೈದ್ಯರು, ಟೈಪಿಂಗ್ ಬಿಟ್ಟು ಕಂಪ್ಯೂಟರ್ ಹಿಡಿದ ತರಬೇತಿ ಶಾಲೆ. ಇವುಗಳ ನಡುವೆ ಒಂದು ಪ್ಲೇಸ್‌ಮೆಂಟ್ ಕನ್ಸಲ್ಟೆನ್ಸಿ. ಬನಶಂಕರಿಯಲ್ಲೂ, ಜೆ.ಪಿ. ನಗರದಲ್ಲೂ, ಬಿಟಿಎಂ ಬಡಾವಣೆಯಲ್ಲೂ ಇದೇ ಜೋಡಣೆ. ಬಾಡಿಗೆ ಏರಿದೆ, ಅಕ್ಕಪಕ್ಕದ ಅಂಗಡಿಗಳು ಕೈ ಬದಲಾಯಿಸಿವೆ. ಹಳೆಯ ಕನ್ಸಲ್ಟೆನ್ಸಿಗಳಲ್ಲಿ ಕೆಲವು ಮಾತ್ರ ಜಾಗ ಬಿಟ್ಟು ಕದಲಿಲ್ಲ.

ಇವು ಇನ್ನೂ ಇರುವುದೇ ನನಗೆ ಒಗಟು. ಸರ್ಕಾರದ ಉದ್ಯೋಗ ವಿನಿಮಯ ಕೇಂದ್ರ ಬಂದಾಗ ಮಧ್ಯವರ್ತಿ ಬೇಕಿಲ್ಲ ಎಂದರು. ಪತ್ರಿಕೆಗಳು ಉದ್ಯೋಗದ ಜಾಹೀರಾತಿಗೆಂದೇ ಪುರವಣಿ ತಂದವು. 1997ರಲ್ಲಿ ನೌಕರಿ ಡಾಟ್ ಕಾಮ್ ಬಂತು, 2003ರಲ್ಲಿ ಲಿಂಕ್ಡ್‌ಇನ್, ಆಮೇಲೆ ಮೊಬೈಲ್ ಆ್ಯಪ್‌ಗಳು. ಕೆಲಸ ಹುಡುಕುವವನನ್ನೂ ಕೊಡುವವನನ್ನೂ ನೇರ ಮುಖಾಮುಖಿ ಮಾಡಿಸುತ್ತೇವೆ ಎಂಬುದು ಪ್ರತಿಯೊಂದರ ಭರವಸೆ. ಹಾಗಿದ್ದೂ ಮೆಟ್ಟಿಲ ಬುಡದಲ್ಲಿ ಫೈಲು ಹಿಡಿದ ಹುಡುಗ ಹುಡುಗಿಯರು ಇಂದಿಗೂ ಕಾಣುತ್ತಾರೆ. ಯಾವ ಕೊರತೆಯನ್ನು ಈ ಕಚೇರಿ ತುಂಬುತ್ತಿದೆ? ದಶಕಗಟ್ಟಲೆ ಉಳಿದದ್ದು ಯಾವುದರಿಂದ ಉಳಿಯಿತು? ಈ ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿರುವುದೆಲ್ಲ ಈ ಎರಡು ಪ್ರಶ್ನೆಗಳ ಸುತ್ತ.

ಹಳೆಯ ಏಜೆನ್ಸಿ ಸರ್ಕಾರದ್ದೇ

ಚರಿತ್ರೆ ಹುಡುಕಲು ಹೊರಟರೆ ಮೊದಲು ಸಿಗುವುದು ಖಾಸಗಿ ಕಂಪನಿಯಲ್ಲ. ಎರಡನೇ ಮಹಾಯುದ್ಧ ಮುಗಿಯುತ್ತ ಬಂದಾಗ ಸೇನೆಯಿಂದ ಬಿಡುಗಡೆಯಾಗುವ ಲಕ್ಷಾಂತರ ಸೈನಿಕರಿಗೆ ಬದುಕು ಕಟ್ಟಿಕೊಡಬೇಕಿತ್ತು. ಅದಕ್ಕಾಗಿ 1945ರಲ್ಲಿ ಪುನರ್ವಸತಿ ಮತ್ತು ಉದ್ಯೋಗ ಮಹಾನಿರ್ದೇಶನಾಲಯ ಹುಟ್ಟಿತು, ಅದರ ಕೈಕೆಳಗೆ ವಿನಿಮಯ ಕೇಂದ್ರಗಳು ತೆರೆದವು. ದೇಶ ಇಬ್ಭಾಗವಾದಾಗ ಬಂದ ನಿರಾಶ್ರಿತರೂ ಇದೇ ಕಿಟಕಿಯ ಮುಂದೆ ನಿಂತರು. 1948ರ ಹೊತ್ತಿಗೆ ಕೆಲಸ ಬೇಕೆನ್ನುವ ಯಾರಿಗೂ ಅದು ತೆರೆದಿತ್ತು.

1952ರಲ್ಲಿ ಈ ವ್ಯವಸ್ಥೆಯನ್ನು ಪರಿಶೀಲಿಸಲು ನೇಮಿಸಿದ ಸಮಿತಿಯ ಅಧ್ಯಕ್ಷರು ನಮ್ಮ ಕರಾವಳಿಯ ಬಿ. ಶಿವರಾವ್. ಸಂವಿಧಾನದ ಕರಡಿನ ಹಿಂದೆ ದುಡಿದ ಬಿ.ಎನ್. ರಾವ್ ಅವರ ತಮ್ಮ, ಪತ್ರಕರ್ತ, ಕಾರ್ಮಿಕ ಸಂಘಟನೆಯ ಅನುಭವಿ. ದಿನನಿತ್ಯದ ಆಡಳಿತ ರಾಜ್ಯಗಳ ಕೈಯಲ್ಲಿರಲಿ ಎಂದು ಆ ಸಮಿತಿ ಹೇಳಿತು. ಹಸ್ತಾಂತರವಾದ ದಿನ 1956ರ ನವೆಂಬರ್ 1. ಅಂದೇ ಕನ್ನಡ ನಾಡು ಒಂದಾಗಿ ವಿಶಾಲ ಮೈಸೂರು ರಾಜ್ಯವಾಯಿತು. ತನ್ನ ಜನರಿಗೆ ಕೆಲಸ ಹುಡುಕಿಕೊಡುವ ಹೊಣೆ ನಮ್ಮ ರಾಜ್ಯಕ್ಕೆ ಹುಟ್ಟಿದ ದಿನವೇ ಬಂದಿತ್ತು. ರಾಜ್ಯೋತ್ಸವದ ಭಾಷಣಗಳಲ್ಲಿ ಇದು ನೆನಪಾಗುವುದೇ ಇಲ್ಲ, ಆಗಬೇಕು.

ತಿಳಿಸಬೇಕು, ತೆಗೆದುಕೊಳ್ಳಬೇಕಿಲ್ಲ

1959ರ ಕಾಯ್ದೆ ಖಾಲಿ ಹುದ್ದೆಗಳನ್ನು ವಿನಿಮಯ ಕೇಂದ್ರಕ್ಕೆ ತಿಳಿಸುವುದನ್ನು ಕಡ್ಡಾಯ ಮಾಡಿತು. ಸಾರ್ವಜನಿಕ ಸಂಸ್ಥೆಗಳ ಜತೆಗೆ 25 ಅಥವಾ ಹೆಚ್ಚು ಜನರಿರುವ ಖಾಸಗಿ ಸಂಸ್ಥೆಗಳೂ ಅದರ ವ್ಯಾಪ್ತಿಗೆ ಬಂದವು. ಆದರೆ ಅದರ 4ನೇ ಸೆಕ್ಷನ್ ಓದುವಾಗ ಪೆನ್ಸಿಲ್ ನಿಂತುಬಿಡುತ್ತದೆ. ಹುದ್ದೆ ಖಾಲಿಯಿದೆ ಎಂದು ತಿಳಿಸಬೇಕು. ಕೇಂದ್ರ ಕಳಿಸಿದವರನ್ನೇ ತೆಗೆದುಕೊಳ್ಳಬೇಕೆಂಬ ಬಾಧ್ಯತೆಯಿಲ್ಲ. ಹೊಲದ ಕೆಲಸ, ಮನೆಗೆಲಸ, 3 ತಿಂಗಳಿಗಿಂತ ಕಡಿಮೆ ಅವಧಿಯ ಕೆಲಸ ಕಾಯ್ದೆಯ ಹೊರಗೇ ಉಳಿದವು. ಅಂದರೆ ಯಾರಿಗೆ ಮಧ್ಯವರ್ತಿಯ ಕಾಟ ಹೆಚ್ಚೋ ಅವರನ್ನೇ ಬಿಟ್ಟಂತಾಯಿತು.

ಸರ್ಕಾರಿ ಕೆಲಸಕ್ಕೂ ಕೇಂದ್ರದ ಪಟ್ಟಿಯೊಂದೇ ಸಾಲದು, ಪತ್ರಿಕೆಯಲ್ಲೂ ಪ್ರಕಟಣೆ ಕೊಟ್ಟು ಅರ್ಜಿ ಹಾಕಿದವರೆಲ್ಲರನ್ನೂ ಪರಿಗಣಿಸಬೇಕು ಎಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸಮಾನ ಅವಕಾಶದ ದೃಷ್ಟಿಯಿಂದ ಸರಿಯಾದ ತೀರ್ಪು. ಕೇಂದ್ರದ ಕಾರ್ಡಿಗಿದ್ದ ತೂಕ ಅಲ್ಲಿಂದಾಚೆಗೆ ಇಳಿಯಿತು. 2020ರ ಸಾಮಾಜಿಕ ಭದ್ರತಾ ಸಂಹಿತೆ ಹಳೆಯ ಕಾಯ್ದೆಯನ್ನು ತನ್ನೊಳಗೆ ಸೇರಿಸಿಕೊಂಡು ಕೇಂದ್ರಕ್ಕೆ ವೃತ್ತಿ ಕೇಂದ್ರವೆಂಬ ಹೊಸ ಹೆಸರಿಟ್ಟಿದೆ.

ಹಳಬರ ಟ್ರಂಕುಗಳಲ್ಲಿ ಆ ನೋಂದಣಿ ಕಾರ್ಡು ಇನ್ನೂ ಸಿಗುತ್ತದೆ. ಕಾಲಕಾಲಕ್ಕೆ ಹೋಗಿ ನವೀಕರಿಸಿ, ಸಂದರ್ಶನದ ಕರೆ ಬಂದೀತು ಎಂದು ಅಂಚೆಯವನ ದಾರಿ ಕಾದ ಒಂದು ಪೀಳಿಗೆ ಅದು. ಕೇಂದ್ರದ ಬಳಿ ಹೆಸರುಗಳಿದ್ದವು, ವಿದ್ಯಾರ್ಹತೆಯಿತ್ತು, ಹಿರಿತನದ ಕ್ರಮವಿತ್ತು. ಕಾರ್ಖಾನೆಯ ಮ್ಯಾನೇಜರಿಗೆ ಫೋನು ಮಾಡಿ ‘ಈ ಹುಡುಗ ಆಗುತ್ತಾನೆ, ಒಮ್ಮೆ ನೋಡಿ’ ಎನ್ನುವ ಅಧಿಕಾರ ಮಾತ್ರ ಅಲ್ಲಿನ ಗುಮಾಸ್ತರಿಗೆ ಇರಲಿಲ್ಲ.

ಮ್ಯೂನಿಕ್‌ನ ಒಂದು ಮೊಕದ್ದಮೆ

ಸರ್ಕಾರಿ ಕೇಂದ್ರದಿಂದಾಗದ ಕೆಲಸವನ್ನು ಯಾರು ಮಾಡಬೇಕು ಎಂಬ ಈ ಗಂಟು ಬೇರೆಡೆ ಹೇಗೆ ಬಿಚ್ಚಿತು? ಜರ್ಮನಿಯಲ್ಲಿ ಕೆಲಸ ಕೊಡಿಸುವುದು ಬಹುಕಾಲ ಸರ್ಕಾರಿ ಸಂಸ್ಥೆಯ ಏಕಸ್ವಾಮ್ಯ. ಹೋಫ್ನರ್ ಮತ್ತು ಎಲ್ಸರ್ ಎಂಬ ಇಬ್ಬರು ಸಲಹೆಗಾರರು ಮಾಕ್ರೋಟ್ರಾನ್ ಎಂಬ ಕಂಪನಿಗೆ ಮಾರಾಟ ನಿರ್ದೇಶಕರ ಹುದ್ದೆಗೆ ಒಬ್ಬರನ್ನು ಹುಡುಕಿಕೊಟ್ಟರು. ಕಂಪನಿ ಆತನನ್ನು ತೆಗೆದುಕೊಳ್ಳಲಿಲ್ಲ, ಶುಲ್ಕವನ್ನೂ ಕೊಡಲಿಲ್ಲ. ಖಾಸಗಿಯವರು ಈ ಕೆಲಸ ಮಾಡುವುದೇ ಕಾನೂನಿಗೆ ವಿರುದ್ಧವಾದ್ದರಿಂದ ಒಪ್ಪಂದವೇ ಅಸಿಂಧು ಎಂಬುದು ಅದರ ವಾದ. ಮ್ಯೂನಿಕ್ ನ್ಯಾಯಾಲಯದಿಂದ ಪ್ರಶ್ನೆ ಐರೋಪ್ಯ ನ್ಯಾಯಾಲಯಕ್ಕೆ ಹೋಯಿತು. 1991ರಲ್ಲಿ ಉತ್ತರ ಬಂತು: ಬೇಡಿಕೆ ಪೂರೈಸಲು ಕೈಲಾಗದ ಸರ್ಕಾರಿ ಸಂಸ್ಥೆ ಬೇರೆಯವರನ್ನೂ ತಡೆದು ಕೂರುವಂತಿಲ್ಲ. 1994ರಲ್ಲಿ ಆ ಏಕಸ್ವಾಮ್ಯ ಕೊನೆಗೊಂಡಿತು.

ನಮ್ಮಲ್ಲಿ ಅಂಥ ತಡೆ ಇರಲೇ ಇಲ್ಲ. ಸರ್ಕಾರದ ಬಾಗಿಲೂ ತೆರೆದಿತ್ತು, ಖಾಸಗಿ ಬಾಗಿಲೂ ತೆರೆದಿತ್ತು. ಎರಡನ್ನೂ ಯಾರೂ ಗಂಭೀರವಾಗಿ ನೋಡಿಕೊಳ್ಳಲಿಲ್ಲ.

ಡೈರಿ ಸರ್ಕಲ್

ಬನ್ನೇರುಘಟ್ಟ ರಸ್ತೆ ಶುರುವಾಗುವಲ್ಲಿ, ಡೈರಿ ಸರ್ಕಲ್ ಹತ್ತಿರ, ಕಾರ್ಮಿಕ ಇಲಾಖೆಯ ಕಾರ್ಮಿಕ ಭವನವಿದೆ. ಕೌಶಲ್ಯ ಭವನವೂ ಅಲ್ಲೇ. ಒಂದು ಕಡೆ ಕೆಲಸಗಾರನ ಹಕ್ಕಿನ ಕಡತಗಳು, ಇನ್ನೊಂದು ಕಡೆ ಕೆಲಸ ಕಲಿಸುವ ಯೋಜನೆಗಳು. ಇಲ್ಲಿಂದ ಬಿಟಿಎಂ ಬಡಾವಣೆಗೆ ಬಸ್ಸಿನಲ್ಲಿ ಕೆಲವೇ ನಿಮಿಷ. ಅಲ್ಲಿನ ಕಂಬಗಳ ಮೇಲೆ ‘ಫ್ರೆಶರ್‌ಗಳು ಬೇಕಾಗಿದ್ದಾರೆ’ ಎಂಬ ಚೀಟಿಗಳು. ಕೆಳಗೊಂದು ಮೊಬೈಲ್ ನಂಬರು, ವಿಳಾಸವಿಲ್ಲ.

ನೋಟ್ ಪುಸ್ತಕದಲ್ಲಿ ಆ ಭವನಗಳನ್ನೂ ಈ ಚೀಟಿಗಳನ್ನೂ ಒಂದರ ಪಕ್ಕ ಒಂದು ಬರೆದು ನೋಡುತ್ತಿದ್ದೇನೆ. ಕೆಲಸ ಕಲಿಸಲು ಇಲಾಖೆಯಿದೆ, ಕೆಲಸದಲ್ಲಿ ಅನ್ಯಾಯವಾದರೆ ಕೇಳಲು ಇಲಾಖೆಯಿದೆ. ಕಲಿತ ಮೇಲೆ ಕೆಲಸ ಸಿಗುವ ತನಕದ ನಡುಹಾದಿಯಲ್ಲಿ ಹುಡುಗನ ಜತೆಗೆ ಯಾರಿದ್ದಾರೆ? ಹೆಚ್ಚಿನ ಪಾಲು ಆ ಹಾದಿಯನ್ನು ಕನ್ಸಲ್ಟೆನ್ಸಿಗಳೇ ನಡೆಸುತ್ತಿವೆ.

ಕಾರ್ಖಾನೆಯ ಬಸ್ಸಿನಿಂದ ಸಾಫ್ಟ್‌ವೇರಿಗೆ

1948ರಲ್ಲಿ ರೂಪುಗೊಳ್ಳತೊಡಗಿದ ಜಯನಗರ ಸಂಬಳದವರ ಬಡಾವಣೆಯಾಗಿ ಬೆಳೆಯಿತು. ಎಚ್‌ಎಎಲ್ ಆಗಲೇ ಇತ್ತು. 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ಆಡುಗೋಡಿಯಲ್ಲಿ ಮೈಕೋ ಕಾರ್ಖಾನೆ ನಿಂತಿತು. ಬಿಟಿಎಂನ ಒಂದು ಭಾಗವನ್ನು ಇವತ್ತಿಗೂ ಮೈಕೋ ಲೇಔಟ್ ಎಂದೇ ಕರೆಯುತ್ತೇವೆ. ಆ ಕಾಲದ ನೇಮಕಾತಿಗೆ ಕೆಲವೇ ದಾರಿಗಳು: ವಿನಿಮಯ ಕೇಂದ್ರದ ಕರೆ, ಅಪ್ರೆಂಟಿಸ್ ಆಗಿ ಒಳಹೋಗುವುದು, ಪತ್ರಿಕೆ ನೋಡಿ ಅರ್ಜಿ ಹಾಕುವುದು, ಒಳಗಿರುವ ಸೋದರಮಾವನ ಒಂದು ಮಾತು. ಒಮ್ಮೆ ಸೇರಿದರೆ ನಿವೃತ್ತಿಯವರೆಗೆ ಅದೇ ಗೇಟು. ಜೀವಮಾನಕ್ಕೊಂದೇ ನೇಮಕವಾದರೆ ಕನ್ಸಲ್ಟೆನ್ಸಿಗೇನು ಕೆಲಸ?

1983ರಲ್ಲಿ ಪುಣೆಯಿಂದ ಬೆಂಗಳೂರಿಗೆ ಬಂದ ಇನ್ಫೋಸಿಸ್ ಮೊದಲು ನೆಲೆಯೂರಿದ್ದು ಜಯನಗರದಲ್ಲಿ. ಅದನ್ನು ಈ ಊರಿಗೆ ಎಳೆದ ಕಾರಣಗಳಲ್ಲಿ ಗಿರಾಕಿಯಾಗಿದ್ದ ಮೈಕೋ ಕೂಡ ಒಂದು. 1994ರಲ್ಲಿ ಕಂಪನಿ ಎಲೆಕ್ಟ್ರಾನಿಕ್ಸ್ ಸಿಟಿಗೆ ಹೋಯಿತು. ಅದರ ಹಿಂದೆಯೇ ಕೆಲಸದ ಲಯವೂ ಬದಲಾಯಿತು. ಎರಡು ವರ್ಷಕ್ಕೊಮ್ಮೆ ಕಂಪನಿ ಬದಲಿಸುವುದು ಸಹಜವಾಯಿತು, ಬಿಟಿಎಂನ ಮನೆಗಳು ಪಿಜಿಗಳಾದವು, ಬಯೋಡೇಟಾ ಹೋಗಿ ರೆಸ್ಯೂಮೆ ಆಯಿತು. ಜನ ಒಂದೆಡೆ ನಿಲ್ಲದಿದ್ದಾಗಲೇ ಜನರನ್ನು ಹುಡುಕಿಕೊಡುವುದು ಪೂರ್ಣಾವಧಿ ವ್ಯಾಪಾರವಾಗಲು ಸಾಧ್ಯ. ದಕ್ಷಿಣ ಬೆಂಗಳೂರಿನ ಕನ್ಸಲ್ಟೆನ್ಸಿಗಳು ಆ ಓಡಾಟದ ಮಕ್ಕಳು.

ಮೂರು ಸಂಸ್ಥೆಗಳ ವಂಶಾವಳಿ

ಖಾಸಗಿ ಕಸುಬಿನ ಚರಿತ್ರೆಯಲ್ಲಿ ಮೂರು ಹೆಸರು ಗುರುತು ಹಾಕಿಕೊಂಡೆ. 1969ರಲ್ಲಿ ಕೋಲ್ಕತ್ತದಲ್ಲಿ ಎಬಿಸಿ ಕನ್ಸಲ್ಟೆಂಟ್ಸ್. ದೊಡ್ಡ ಹುದ್ದೆಗಳಿಗೆ ಜನ ಹುಡುಕುವುದನ್ನು ಈ ದೇಶದಲ್ಲಿ ಕಸುಬಾಗಿಸಿದವರಲ್ಲಿ ಮೊದಲಿಗರು. 1992ರಲ್ಲಿ ಚೆನ್ನೈನಲ್ಲಿ ಕೆ. ಪಾಂಡಿಯರಾಜನ್ ಶುರು ಮಾಡಿದ ಮಾ ಫಾ. ಬೆಳೆದು ದೊಡ್ಡದಾಗಿ 2004ರಲ್ಲಿ ಡಚ್ ಸಂಸ್ಥೆ ವೇಡಿಯೋರ್ ಕೈಗೆ, ಅದರ ಮೂಲಕ 2008ರಲ್ಲಿ ರಾಂಡ್‌ಸ್ಟಾಡ್ ಒಡಲಿಗೆ ಸೇರಿತು. 2002ರಲ್ಲಿ ಮನೀಶ್ ಸಭರ್ವಾಲ್ ಮತ್ತು ಅಶೋಕ್ ರೆಡ್ಡಿ ಮೊದಲಾದವರು ಕಟ್ಟಿದ ನಮ್ಮ ಬೆಂಗಳೂರಿನ ಟೀಮ್‌ಲೀಸ್. 2016ರಲ್ಲಿ ಷೇರುಪೇಟೆಗೆ ಬಂತು. ಇದರ ದಾರಿಯೇ ಬೇರೆ. ಹುಡುಗನನ್ನು ಕಂಪನಿಗೆ ಒಪ್ಪಿಸಿ ಕೈತೊಳೆದುಕೊಳ್ಳದೆ, ಆತನನ್ನು ತನ್ನದೇ ಸಂಬಳಪಟ್ಟಿಯಲ್ಲಿಟ್ಟು, ಭವಿಷ್ಯನಿಧಿ, ಇಎಸ್‌ಐ ಕಟ್ಟಿ, ಬೇರೆ ಕಂಪನಿಯ ಕೆಲಸಕ್ಕೆ ಕಳಿಸುವುದು.

ಈ ಮೂರೂ ದಾರಿಗಳನ್ನು ನೋಡುತ್ತ ‘ಸ್ವತಂತ್ರ ಏಜೆನ್ಸಿ’ ಎಂದರೇನು ಎಂದು ಯೋಚಿಸುತ್ತೇನೆ. ಷೇರು ಯಾರದು ಎಂಬುದರಿಂದ ಅದು ತೀರ್ಮಾನವಾಗುವುದಿಲ್ಲ ಅನ್ನಿಸುತ್ತಿದೆ. ಒಂದೇ ಗಿರಾಕಿ ಕಂಪನಿಯ ಕೃಪೆಯಲ್ಲಿ ಬದುಕುವ ಕನ್ಸಲ್ಟೆನ್ಸಿಗೆ ಸ್ವಂತ ಬೋರ್ಡಿದ್ದರೂ ಸ್ವಾತಂತ್ರ್ಯವಿಲ್ಲ. ‘ಈ ಸಂಬಳಕ್ಕೆ ಆ ಅನುಭವದವರು ಸಿಗುವುದಿಲ್ಲ ಸಾರ್’ ಎಂದು ಗಿರಾಕಿಗೆ ಹೇಳಬಲ್ಲವರೇ ಸ್ವತಂತ್ರರು.

ಹನ್ನೆರಡರಲ್ಲೊಂದು

ಲೆಕ್ಕ ಹೀಗೆ. ಹುದ್ದೆ ತುಂಬಿಕೊಟ್ಟರೆ ಕಂಪನಿ ಕನ್ಸಲ್ಟೆನ್ಸಿಗೆ ಕೊಡುವ ರೂಢಿಯ ಶುಲ್ಕ ವಾರ್ಷಿಕ ಸಂಬಳದ 8.33 ಶೇಕಡ. ಅಂದರೆ ಹನ್ನೆರಡರಲ್ಲೊಂದು, ಒಂದು ತಿಂಗಳ ಸಂಬಳ. ವರ್ಷಕ್ಕೆ 6 ಲಕ್ಷದ ಹುದ್ದೆಯಾದರೆ ಸುಮಾರು 50,000 ರೂಪಾಯಿ, ಮೇಲೆ 18 ಶೇಕಡ ಜಿಎಸ್‌ಟಿ. ದೊಡ್ಡ ಹುದ್ದೆಗಳಿಗೆ ಶೇಕಡಾವಾರು ಏರುತ್ತದೆ.

ದುಡ್ಡು ಕೈಸೇರುವ ಮುನ್ನ ಷರತ್ತುಗಳಿವೆ. ಹುಡುಗಿ ಆಫರ್ ಲೆಟರ್ ಪಡೆದು ಸೇರದೇ ಹೋದರೆ ಕಾಸಿಲ್ಲ. ಸೇರಿ 90 ದಿನದೊಳಗೆ ಬಿಟ್ಟರೆ ಇನ್ನೊಬ್ಬರನ್ನು ಬಿಟ್ಟಿಯಾಗಿ ಹುಡುಕಿಕೊಡಬೇಕು, ಇಲ್ಲವೇ ಹಣ ವಾಪಸು. ಒಂದೇ ರೆಸ್ಯೂಮೆಯನ್ನು ಇಬ್ಬರು ಕಳಿಸಿದ್ದರೆ ಮೊದಲು ಕಳಿಸಿದವರಿಗೆ ಹಕ್ಕು. ನೋಟೀಸ್ ಪೀರಿಯಡ್ 3 ತಿಂಗಳಿದ್ದರೆ, ಹುಡುಕಲು ಒಂದು ತಿಂಗಳು, ಬಿಲ್ ಪಾಸಾಗಲು ಇನ್ನೊಂದೆರಡು ತಿಂಗಳು. ಇವತ್ತು ಮಾಡಿದ ಫೋನಿನ ಫಲ ಅರ್ಧ ವರ್ಷದಾಚೆ. 2001ರಲ್ಲಿ ಡಾಟ್ ಕಾಮ್ ಕುಸಿದಾಗ, 2008ರಲ್ಲಿ ಜಗತ್ತಿನ ಬ್ಯಾಂಕುಗಳು ಕುಸಿದಾಗ, 2020ರ ಲಾಕ್‌ಡೌನಿನಲ್ಲಿ ಮೊದಲು ನಿಂತದ್ದು ನೇಮಕಾತಿ. ಬಾಡಿಗೆ ನಿಲ್ಲಲಿಲ್ಲ. ಇಂಥ ವ್ಯಾಪಾರ ದಶಕಗಟ್ಟಲೆ ನಡೆಯುವುದೇ ಬೆರಗಿನ ಸಂಗತಿ. ಒಳ್ಳೆಯ ವರ್ಷದ ಗಳಿಕೆಯನ್ನು ಕೆಟ್ಟ ವರ್ಷಕ್ಕೆ ಎತ್ತಿಟ್ಟವರು, ಹೊಸ ಶಾಖೆ ತೆರೆಯುವ ಆಸೆಗೆ ಬೀಳದವರು ಉಳಿದಿದ್ದಾರೆ.

ರೆಸ್ಯೂಮೆಯಲ್ಲಿ ಬರೆಯದ್ದು

ಕಂಪನಿಗಳು 50,000 ರೂಪಾಯಿ ಯಾಕೆ ಕೊಡುತ್ತವೆ? ರೆಸ್ಯೂಮೆಗಳು ಪೋರ್ಟಲಿನಲ್ಲಿ ರಾಶಿ ಬಿದ್ದಿವೆಯಲ್ಲ? ಈ ಕಸುಬಿನಲ್ಲಿ ಕೂದಲು ನರೆತವರ ಮಾತಿನಲ್ಲಿ ಮತ್ತೆ ಮತ್ತೆ ಬರುವ ವಿಷಯ ಬೇರೆ. ಈತನ ತಾಯಿಗೆ ಆರೋಗ್ಯ ಸರಿಯಿಲ್ಲ, ರಾತ್ರಿ ಪಾಳಿ ಬೇಡ. ಈಕೆಗೆ ಬನಶಂಕರಿಯಿಂದ ವೈಟ್‌ಫೀಲ್ಡ್ ಆಗುವುದಿಲ್ಲ, ಜೆ.ಪಿ. ನಗರದಲ್ಲೇ ಇದ್ದರೆ ಐದು ಸಾವಿರ ಕಡಿಮೆಯಾದರೂ ಬರುತ್ತಾರೆ. ಆ ಮ್ಯಾನೇಜರ್ ಕೈಕೆಳಗೆ ವರ್ಷದಲ್ಲಿ ಮೂವರು ಬಿಟ್ಟರು, ನಾಲ್ಕನೆಯವರನ್ನು ಕಳಿಸುವ ಮುನ್ನ ಒಮ್ಮೆ ಯೋಚಿಸಬೇಕು. ಗಂಡು ಹೆಣ್ಣಿನ ಮನೆಗಳೆರಡನ್ನೂ ಬಲ್ಲ ಹಿರಿಯರು ಸಂಬಂಧ ಕುದುರಿಸುವಂತೆ, ಎರಡೂ ಕಡೆಯ ಹೇಳಲಾಗದ ಮಾತನ್ನು ಬಲ್ಲವರು ಇವರು.

1974ರಲ್ಲಿ ಮಾರ್ಕ್ ಗ್ರಾನೊವೆಟರ್ ಎಂಬ ಸಮಾಜಶಾಸ್ತ್ರಜ್ಞ ಬಾಸ್ಟನ್ ಹತ್ತಿರದ ನ್ಯೂಟನ್ ಎಂಬ ಊರಿನ 282 ಜನರಿಗೆ ಕೆಲಸ ಹೇಗೆ ಸಿಕ್ಕಿತೆಂದು ಅಧ್ಯಯನ ಪ್ರಕಟಿಸಿದರು. ಅರ್ಧಕ್ಕಿಂತ ಹೆಚ್ಚು ಜನಕ್ಕೆ ಸಿಕ್ಕಿದ್ದು ಪರಿಚಯದಿಂದ. ಹಾಗೆ ಸುದ್ದಿ ಕೊಟ್ಟವರು ಬಹುಪಾಲು ಆಪ್ತರಲ್ಲ. ಆಗೊಮ್ಮೆ ಈಗೊಮ್ಮೆ ಸಿಗುವವರು. ಆಪ್ತರಿಗೆ ನಮಗೆ ಗೊತ್ತಿರುವುದೇ ಗೊತ್ತಿರುತ್ತದೆ, ದೂರದ ಪರಿಚಯದವರಿಗೆ ಬೇರೆ ಲೋಕದ ಸುದ್ದಿಯಿರುತ್ತದೆ.

ಇದನ್ನೋದಿದಾಗ ಕನ್ಸಲ್ಟೆನ್ಸಿಯ ಒಗಟು ಸ್ವಲ್ಪ ಸಡಿಲವಾಯಿತು. ಜಯನಗರದ ಹಳೆಯ ಕುಟುಂಬದ ಹುಡುಗನಿಗೆ ದೂರದ ಪರಿಚಯಗಳು ಹುಟ್ಟಿನಿಂದಲೇ ಇವೆ: ಅಪ್ಪನ ಬ್ಯಾಂಕಿನ ಗೆಳೆಯರು, ಸಂಗೀತ ಸಭೆಯವರು, ನ್ಯಾಷನಲ್ ಕಾಲೇಜಿನ ಹಳೆ ವಿದ್ಯಾರ್ಥಿಗಳು. ಯಾದಗಿರಿಯಿಂದಲೋ ಚಾಮರಾಜನಗರದಿಂದಲೋ ಬಂದು ಬಿಟಿಎಂ ಪಿಜಿಯಲ್ಲಿ ಇಳಿದವನಿಗೆ ಈ ಊರಿನಲ್ಲಿ ಅಂಥ ಒಬ್ಬರೂ ಇಲ್ಲ. ಅವನ ಪಾಲಿಗೆ ಒಳ್ಳೆಯ ಕನ್ಸಲ್ಟೆನ್ಸಿ ಎಂದರೆ ಊರಿನ ಮೊದಲ ಪರಿಚಯ.

ಬೆಳಗಿನ ಸರ್ಕಲ್ಲು

ಮಹಡಿಯ ಕಚೇರಿಗಳು ಬಾಗಿಲು ತೆಗೆಯುವ ಎಷ್ಟೋ ಮೊದಲು ಬನಶಂಕರಿ, ಜೆ.ಪಿ. ನಗರ, ಮಡಿವಾಳದ ಕೆಲವು ಸರ್ಕಲ್ಲುಗಳಲ್ಲಿ ನೇಮಕಾತಿ ಮುಗಿದಿರುತ್ತದೆ. ಬುತ್ತಿಯ ಚೀಲ, ಕರಣೆ, ಬಣ್ಣ ಮೆತ್ತಿದ ಬ್ರಷ್ಷು ಹಿಡಿದು ಗಂಡಸರು ಹೆಂಗಸರು ನಿಂತಿರುತ್ತಾರೆ. ಬೈಕು ನಿಲ್ಲುತ್ತದೆ.

‘ಗಾರೆಯವ್ರು ಇಬ್ರು ಬೇಕಾಗಿತ್ತಲ್ಲಪ್ಪಾ.’

‘ಎಷ್ಟು ದಿನದ ಕೆಲ್ಸ ಸಾರ್?’

‘ಮೂರು ದಿನ. ಕಾಂಪೌಂಡು.’

ಕೂಲಿ ಚೌಕಾಸಿ, ಒಪ್ಪಿಗೆ, ಹೊರಟರು. ರೆಸ್ಯೂಮೆಯಿಲ್ಲ, ಶುಲ್ಕವಿಲ್ಲ. ದೊಡ್ಡ ಕೆಲಸಕ್ಕಾದರೆ ಮೇಸ್ತ್ರಿ ಬರುತ್ತಾನೆ. ಊರಿನಿಂದ ಮುಂಗಡ ಕೊಟ್ಟು ಕರೆತಂದವನು, ಕೂಲಿಯಲ್ಲಿ ಮುರಿದುಕೊಳ್ಳುವವನು, ಜ್ವರ ಬಂದರೆ ಆಸ್ಪತ್ರೆಗೆ ಕರೆದೊಯ್ಯುವವನೂ ಅವನೇ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳು ಹತ್ತೊಂಬತ್ತನೇ ಶತಮಾನದಲ್ಲಿ ಆಳು ತಂದದ್ದೂ ಮೇಸ್ತ್ರಿಗಳ ಮುಂಗಡದಿಂದಲೇ. ದೀರ್ಘಕಾಲ ಉಳಿದ ಸ್ವತಂತ್ರ ನೇಮಕಾತಿ ಏಜೆನ್ಸಿ ಯಾವುದೆಂದು ಕೇಳಿದರೆ ನಾಡಿನ ಉತ್ತರ ಮೇಸ್ತ್ರಿಯೇ. ಆದರೆ ಅವನ ಲಾಭ ಕೆಲಸಗಾರನ ಕೂಲಿಯೊಳಗಿಂದ ಬರುತ್ತದೆ. ಈ ಒಂದು ಅಂಶವನ್ನು ಅಡಿಗೆರೆ ಎಳೆದು ಇಟ್ಟುಕೊಂಡಿದ್ದೇನೆ.

ಬೆಂಗಳೂರಿನ ಎರಡು ಪ್ರಯೋಗಗಳು

ಈ ಸರ್ಕಲ್ಲಿನ ಜನಕ್ಕೆ ಮೇಸ್ತ್ರಿಯನ್ನು ಬಿಟ್ಟು ಬೇರೆ ದಾರಿ ತೋರಲು ಇದೇ ಊರಿನಲ್ಲಿ ನಡೆದ ಎರಡು ಪ್ರಯತ್ನಗಳು ನನ್ನನ್ನು ಬಹಳ ಕಾಡುತ್ತವೆ. ಮಾಯಾ ಎಂಬ ಸ್ವಯಂಸೇವಾ ಸಂಸ್ಥೆಯ ಒಡಲಿನಿಂದ, ಜೆ.ಪಿ. ಸಾಲೊಮನ್ ಮತ್ತು ಗಾಯತ್ರಿ ವಾಸುದೇವನ್ ಅವರ ಮುಂದಾಳತ್ವದಲ್ಲಿ, 2006ರ ಸುಮಾರಿಗೆ ಲೇಬರ್‌ನೆಟ್ ಹೊರಬಂತು. ಬಡಗಿ, ಪೇಂಟರ್, ಪ್ಲಂಬರ್, ಮನೆಗೆಲಸದವರ ಹೆಸರು ಬರೆದುಕೊಂಡು, ಗುರುತಿನ ಚೀಟಿ, ಬ್ಯಾಂಕ್ ಖಾತೆ, ವಿಮೆಗೆ ದಾರಿ ಮಾಡಿ, ಫೋನಿನ ಮೂಲಕ ಕೆಲಸ ಜೋಡಿಸುವ ಕನಸು ಅದು. ಜೋಡಿಸುವುದರಿಂದ ಬರುವ ಆದಾಯದಲ್ಲಿ ಸಂಸ್ಥೆ ನಿಲ್ಲುವುದು ಕಷ್ಟವಾಯಿತು; ಬರಬರುತ್ತ ಅದು ಕೌಶಲ ತರಬೇತಿಯ ಕಡೆ ತಿರುಗಿತು.

2007ರಲ್ಲಿ ಬಾಬಾಜಾಬ್. ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿದ್ದ ಶಾನ್ ಬ್ಲಾಗ್ಸ್‌ವೆಡ್ಟ್ ಅದನ್ನು ಶುರು ಮಾಡಲು ಅನಿರುದ್ಧ ಕೃಷ್ಣ ಎಂಬ ವಿದ್ವಾಂಸರ ಬಡತನದ ಅಧ್ಯಯನ ಪ್ರೇರಣೆ. ಬಡತನದಿಂದ ಮೇಲೆದ್ದ ಮನೆಗಳಲ್ಲಿ ಬಹಳಷ್ಟಕ್ಕೆ ಯಾರೋ ಬಂಧು, ಯಾರೋ ಪರಿಚಯದವರು ನಗರದ ಕೆಲಸದ ಸುದ್ದಿ ಕೊಟ್ಟಿದ್ದರು ಎಂಬುದು ಅದರ ಒಂದು ತಿರುಳು. ಡ್ರೈವರು, ಅಡುಗೆಯವರು, ಆಯಾಗಳಿಗೆ ಆ ಪರಿಚಯದ ಬಲೆಯನ್ನು ಕಂಪ್ಯೂಟರಿನಲ್ಲಿ ನೇಯಲು ಹೊರಟರು. ಇಂಟರ್ನೆಟ್ಟಿಲ್ಲದವರಿಗಾಗಿ ಫೋನು, ಎಸ್ಸೆಮ್ಮೆಸ್ಸಿನ ದಾರಿ ತೆರೆದರು. 2017ರಲ್ಲಿ ಕ್ವಿಕರ್ ಅದನ್ನು ಕೊಂಡಿತು.

ಎರಡನ್ನೂ ಸೋಲು ಎನ್ನಲು ಮನಸ್ಸು ಬರುವುದಿಲ್ಲ. ಲಕ್ಷಾಂತರ ಜನರ ಹೆಸರು ಮೊದಲ ಬಾರಿಗೆ ಎಲ್ಲೋ ಒಂದು ಕಡೆ ‘ಕೆಲಸಗಾರ’ ಎಂದು ದಾಖಲಾಯಿತು. ಆದರೆ ಗುಣಾಕಾರ ಕಠಿಣ. ತಿಂಗಳಿಗೆ 15,000 ರೂಪಾಯಿಯಾದರೆ ವರ್ಷದ ಸಂಬಳದ ಹನ್ನೆರಡರಲ್ಲೊಂದು 15,000 ಅಲ್ಲವೆ, ಅದನ್ನು ಮನೆಯೊಡತಿ ಕೊಡುವುದಿಲ್ಲ. ಅಡುಗೆಯಾಕೆಯಿಂದ ತೆಗೆದುಕೊಳ್ಳುವುದು ಸರಿಯಲ್ಲ. ನಡುವಿನ ಖರ್ಚು ಯಾರ ತಲೆಗೆ? ಉತ್ತರ ಸಿಗದ ಕಡೆ ಒಳ್ಳೆಯ ಏಜೆನ್ಸಿ ದಾರಿ ಬದಲಿಸುತ್ತದೆ, ಕೆಟ್ಟದ್ದು ಬಡವರ ಕಿಸೆಗೆ ಕೈ ಹಾಕುತ್ತದೆ.

ಮೊದಲೇ ಕೇಳುವ ಹಣ

ಬಿಟಿಎಂ, ಮಡಿವಾಳದ ಕಡೆ ಕಿವಿಗೆ ಬೀಳುವ ಕತೆಗಳು ಒಂದರಂತೆ ಒಂದು. ನೋಂದಣಿಗೆ ಐನೂರು, ಯೂನಿಫಾರಂಗೆ ಎರಡು ಸಾವಿರ, ‘ಬ್ಯಾಕ್‌ಡೋರ್’ ಕೆಲಸಕ್ಕೆ ಲಕ್ಷ, ಇಲ್ಲದ ಅನುಭವದ ಸರ್ಟಿಫಿಕೇಟಿಗೆ ಬೇರೆ ರೇಟು. ದುಡ್ಡು ಕೊಟ್ಟ ಮೇಲೆ ಫೋನು ಎತ್ತುವುದಿಲ್ಲ, ಬೋರ್ಡು ಇಳಿದಿರುತ್ತದೆ. ಸುಳ್ಳು ಅನುಭವ ಹಿಡಿದು ಸೇರಿದವನು ಹಿನ್ನೆಲೆ ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಮುಂದಿನ ವರ್ಷಗಳೂ ಹಾಳು. ಅಪ್ಪ ಎಮ್ಮೆ ಮಾರಿ ಕೊಟ್ಟ ಹಣ ಅದು. ಇದನ್ನು ಬರೆಯುವಾಗ ಸಿಟ್ಟು ಬರುತ್ತದೆ.

ಈ ರೋಗ ಹಳೆಯದು, ಎಲ್ಲ ಕಡೆಯದು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಮತದಾರರು 1914ರಲ್ಲಿ ಕೆಲಸಗಾರರಿಂದ ಏಜೆನ್ಸಿಗಳು ಹಣ ಪಡೆಯುವುದನ್ನು ನಿಷೇಧಿಸಿದರು. 1917ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಆ ನಿಷೇಧವನ್ನು ತಳ್ಳಿಹಾಕಿತು. ಏಜೆನ್ಸಿಗಳ ವಂಚನೆಯನ್ನು ಒಂದೊಂದಾಗಿ ದಾಖಲಿಸಿ ಭಿನ್ನಮತ ಬರೆದವರು ನ್ಯಾಯಮೂರ್ತಿ ಬ್ರಾಂಡೈಸ್. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1997ರ 181ನೇ ಒಪ್ಪಂದ ಕೊನೆಗೆ ಅದನ್ನೇ ತತ್ವವಾಗಿಸಿತು: ಖಾಸಗಿ ಏಜೆನ್ಸಿ ಕೆಲಸಗಾರರಿಂದ ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ಶುಲ್ಕ ಪಡೆಯಬಾರದು. ಭಾರತ ಅದನ್ನು ಅನುಮೋದಿಸಿಲ್ಲ.

ಕುವೈತ್‌ಗೆ ಪರವಾನಗಿ, ಕೋರಮಂಗಲಕ್ಕೆ ಇಲ್ಲ

ನನಗೆ ಅರ್ಥವಾಗದ ದೊಡ್ಡ ವಿಷಯ ಇದು. ಕೆಲಸಗಾರರನ್ನು ಕುವೈತ್‌ಗೋ ದುಬೈಗೋ ಕಳಿಸಬೇಕಾದರೆ 1983ರ ವಲಸೆ ಕಾಯ್ದೆಯಡಿ ನೋಂದಣಿ ಬೇಕು, ಲಕ್ಷಗಟ್ಟಲೆ ಬ್ಯಾಂಕ್ ಖಾತರಿ ಇಡಬೇಕು, ಕೆಲಸಗಾರನಿಂದ ಪಡೆಯುವ ಶುಲ್ಕಕ್ಕೂ ಮಿತಿಯಿದೆ. ಅಪಾರ್ಟ್‌ಮೆಂಟಿಗೆ ಕಾವಲುಗಾರರನ್ನು ಒದಗಿಸಲು 2005ರ ಖಾಸಗಿ ಭದ್ರತಾ ಏಜೆನ್ಸಿ ಕಾಯ್ದೆಯ ಪರವಾನಗಿ ಬೇಕು. ಆದರೆ ರಾಯಚೂರಿನ ಹುಡುಗಿಯನ್ನು ಜೆ.ಪಿ. ನಗರದ ಮನೆಗೆ, ಹಾಸನದ ಪದವೀಧರನನ್ನು ಕೋರಮಂಗಲದ ಕಂಪನಿಗೆ ಕಳಿಸುವವರಿಗೆ ಇಡೀ ದೇಶಕ್ಕೆ ಅನ್ವಯಿಸುವ ಅಂಥ ಪರವಾನಗಿಯಿಲ್ಲ. ಛತ್ತೀಸ್‌ಗಢ 2013ರಲ್ಲಿ, ಜಾರ್ಖಂಡ್ 2016ರಲ್ಲಿ ತಮ್ಮದೇ ಕಾಯ್ದೆ ಮಾಡಿಕೊಂಡವು. ತಮ್ಮ ಹೆಣ್ಣುಮಕ್ಕಳು ದೆಹಲಿಯ ಮನೆಗಳಲ್ಲಿ ಕಾಣೆಯಾದದ್ದನ್ನು ಕಂಡ ರಾಜ್ಯಗಳು ಅವು. 2004ರಷ್ಟು ಹಿಂದೆಯೇ ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಪಡಿಸಿದ ಕರ್ನಾಟಕ, ಆ ಕೆಲಸ ಕೊಡಿಸುವವರ ಮೇಲೂ ಅಷ್ಟೇ ಕಾಳಜಿಯಿಂದ ಕಣ್ಣಿಡಬೇಕು.

ಯಾರಿಗೆ ಕರೆ ಹೋಗುತ್ತದೆ

ಕನ್ನಡಿಗರಿಗೆ ಉದ್ಯೋಗ ಎಂಬ ಚರ್ಚೆಗೆ ನಮ್ಮಲ್ಲಿ ದೀರ್ಘ ಚರಿತ್ರೆಯಿದೆ. 1983ರಲ್ಲಿ ರಚನೆಯಾದ ಸರೋಜಿನಿ ಮಹಿಷಿ ಸಮಿತಿ 1986ರಲ್ಲಿ ಅಂತಿಮ ವರದಿ ಕೊಟ್ಟಿತು, ಶಿಫಾರಸುಗಳು 58. ಸ್ಥಳೀಯರಿಗೆ ಆಡಳಿತ ಹುದ್ದೆಗಳಲ್ಲಿ 50 ಶೇಕಡ, ಉಳಿದವುಗಳಲ್ಲಿ 70 ಶೇಕಡ ಮೀಸಲಿಡುವ ಮಸೂದೆಗೆ 2024ರ ಜುಲೈನಲ್ಲಿ ಸಂಪುಟ ಒಪ್ಪಿತು, ಕಂಪನಿಗಳ ವಿರೋಧದ ನಡುವೆ ದಿನಗಳೊಳಗೆ ಅದನ್ನು ತಡೆಹಿಡಿಯಿತು. ಎರಡು ಕಡೆಯ ವಾದಗಳೂ ಕೊನೆಯ ಸಂಖ್ಯೆಯ ಬಗ್ಗೆ.

ನಾನು ನೋಡುತ್ತಿರುವುದು ಮೊದಲ ಫೋನನ್ನು. ನೂರು ರೆಸ್ಯೂಮೆಗಳಲ್ಲಿ ಹತ್ತಕ್ಕೆ ಮಾತ್ರ ಕರೆ ಹೋಗುತ್ತದೆ. ಆ ಹತ್ತನ್ನು ಆರಿಸುವವರು ಕಂಪನಿಯವರಲ್ಲ, ಕನ್ಸಲ್ಟೆನ್ಸಿಯ ಕಿರಿಯ ನೌಕರರು. ಐದು ನಿಮಿಷದ ಇಂಗ್ಲಿಷ್ ಮಾತಿನಲ್ಲಿ ತಡವರಿಸಿದವರ ಹೆಸರು ಅಲ್ಲೇ ಬಿದ್ದುಹೋಗುತ್ತದೆ. ಅವರಿಗೆ ಲೇತು ಗೊತ್ತಿತ್ತೇ, ಟ್ಯಾಲಿ ಗೊತ್ತಿತ್ತೇ ಎಂದು ಯಾರೂ ಕೇಳಿರುವುದಿಲ್ಲ. ‘ಗಾಬರಿ ಆಗ್ಬೇಡಮ್ಮ, ಮೊದ್ಲು ಕನ್ನಡದಲ್ಲೇ ಹೇಳು, ಏನೇನ್ ಕೆಲ್ಸ ಮಾಡಿದ್ದೀಯ?’ ಎಂದು ಕೇಳುವ ಒಬ್ಬ ಹಿರಿಯರು ಆ ಕುರ್ಚಿಯಲ್ಲಿದ್ದರೆ ಫಲಿತಾಂಶವೇ ಬೇರೆ. ಬಡಾವಣೆಯ ಹಳೆಯ ಕನ್ಸಲ್ಟೆನ್ಸಿಗಳ ಬೆಲೆ ನನಗೆ ತಿಳಿದದ್ದು ಇಲ್ಲಿ.

ಸದ್ಯಕ್ಕೆ ತಲುಪಿದ ತೀರ್ಮಾನ

ಉಳಿದವರಲ್ಲಿ ಕಂಡ ಸಾಮಾನ್ಯ ಗುಣಗಳನ್ನು ಬರೆದಿಡುತ್ತೇನೆ. ಕೆಲಸ ಹುಡುಕುವವರಿಂದ ಕಾಸು ತೆಗೆದುಕೊಳ್ಳುವುದಿಲ್ಲ. ಒಂದೆರಡು ವಲಯ ಮಾತ್ರ ಹಿಡಿದು ಅದರ ಒಳಹೊರಗು ಬಲ್ಲರು. ಲೆಕ್ಕಪತ್ರ, ಆಸ್ಪತ್ರೆ, ಯಂತ್ರೋಪಕರಣ, ಹೀಗೆ. ಆಯ್ಕೆಯಾಗದವರಿಗೂ ಫೋನು ಮಾಡಿ ತಿಳಿಸುತ್ತಾರೆ. ಹದಿನೈದು ವರ್ಷದ ಹಿಂದೆ ಅವರು ಕೆಲಸಕ್ಕೆ ಸೇರಿಸಿದ ಹುಡುಗ ಇವತ್ತು ಮ್ಯಾನೇಜರಾಗಿ ತನ್ನ ತಂಡಕ್ಕೆ ಜನ ಬೇಕೆಂದು ಅವರಿಗೇ ಕರೆ ಮಾಡುತ್ತಾನೆ. ಅವತ್ತು ಅವನಿಂದ ಐನೂರು ರೂಪಾಯಿ ಕಿತ್ತಿದ್ದರೆ ಈ ಕರೆ ಬರುತ್ತಿರಲಿಲ್ಲ. ಇಲ್ಲಿ ನೀತಿಯೂ ವ್ಯಾಪಾರವೂ ಒಂದೇ ದಾರಿಯಲ್ಲಿ ನಡೆದಿವೆ.

ಹಾಗಾದರೆ ಹುಡುಕುತ್ತಿರುವ ಮಕ್ಕಳಿಗೆ ಹೇಳಬೇಕಾದ್ದು: ಮೆಟ್ಟಿಲು ಹತ್ತಿದಾಗ ಮೊದಲು ಕೇಳಿ, ನಿಮ್ಮ ಶುಲ್ಕ ಯಾರು ಕೊಡುತ್ತಾರೆ? ಕಂಪನಿಯ ಹೆಸರೇನು, ಸಂಬಳ ಯಾರ ಖಾತೆಯಿಂದ ಬರುತ್ತದೆ, ನನ್ನ ಪಿಎಫ್ ಯಾರು ಕಟ್ಟುತ್ತಾರೆ? ನೇರ ಉತ್ತರ ಬಾರದಿದ್ದರೆ ಇಳಿದು ಬನ್ನಿ.

ಸರ್ಕಾರಕ್ಕೆ ಹೇಳಬೇಕಾದ್ದು ಇನ್ನೂ ಸಣ್ಣದು. ಡೈರಿ ಸರ್ಕಲ್ಲಿನ ಆ ಎರಡು ಭವನಗಳ ನಡುವೆ ಒಂದು ಪಟ್ಟಿ ತಯಾರಾಗಲಿ. ರಾಜ್ಯದ ಎಲ್ಲ ಪ್ಲೇಸ್‌ಮೆಂಟ್ ಏಜೆನ್ಸಿಗಳ ಹೆಸರು, ವಿಳಾಸ, ಶುಲ್ಕದ ವಿವರ, ಬಂದ ದೂರುಗಳು ಕನ್ನಡದಲ್ಲಿ ಯಾರು ಬೇಕಾದರೂ ನೋಡುವಂತಿರಲಿ. ಕೆಲಸಗಾರರಿಂದ ಶುಲ್ಕ ಪಡೆಯುವುದು ಅಪರಾಧವೆಂದು ಕಾಯ್ದೆ ಬರಲಿ. ಪ್ರಾಮಾಣಿಕವಾಗಿ ನಡೆಸಿಕೊಂಡು ಬಂದ ಹಳಬರಿಗೆ ಇದರಿಂದ ನಷ್ಟವಿಲ್ಲ. ಅವರು ಹಿಂದಿನಿಂದ ಪಾಲಿಸಿದ ನಿಯಮವೇ ಎಲ್ಲರ ನಿಯಮವಾಗುತ್ತದೆ. 1956ರ ನವೆಂಬರ್ 1ರಂದು ರಾಜ್ಯದ ಕೈಗೆ ಬಂದ ಹೊಣೆಯ ಬಾಕಿ ಭಾಗ ಇದು. ಅದನ್ನು ಪೂರೈಸಲು ಹೊಸ ಕಟ್ಟಡ ಬೇಕಿಲ್ಲ, ಒಂದು ಕಾಯ್ದೆ ಮತ್ತು ಅದನ್ನು ಜಾರಿ ಮಾಡುವ ಮನಸ್ಸು ಸಾಕು.